ಕಾಂಪೌಂಡರ ತೋಟದ ಕಡೆಗೆ ಬೀಸಿದ ಗಾಳಿ

ಹೋದ ಮಾಗಿಯ ಒಂದು ಬೆಳಿಗ್ಗೆ, ಕಬ್ಬು ಕಡಿದು ಖಾಲಿಯಾಗಿದ್ದ ಎರಡು ಎಕರೆಯನ್ನು ಹದ ಮಾಡಲು ಟ್ರಾಕ್ಟರಿಗೆ ರೋಟವೇಟರು ಕಟ್ಟಿಕೊಂಡು ಹೋಗಿದ್ದೆ. ಬದುವಿನ ಮಗ್ಗುಲಲ್ಲಿ, ಕಬ್ಬಿನ ತರಗಿನ ಕೆಳಗೆ ಹೇಗೋ ಬದುಕಿಕೊಂಡಿದ್ದ ಒಂದು ಹುಲ್ಲಿನ ಬುಡ ರೋಟವೇಟರಿನ ಹಲ್ಲಿಗೆ ಸಿಕ್ಕಿತು. ಏನು ಸಿಕ್ಕಿತೆಂದು ಕಣ್ಣಿಗೆ ಕಾಣಲಿಲ್ಲ, ಮೊದಲು ವಾಸನೆ ಬಂತು. ನಿಂಬೆಹಣ್ಣಿನ ಸಿಪ್ಪೆಯನ್ನು ಉಗುರಿನಲ್ಲಿ ಗೀರಿದಂಥ ವಾಸನೆ, ಡೀಸೆಲ್ ಹೊಗೆಯನ್ನೂ ಮೀರಿಕೊಂಡು ಬಂತು. ಮಜ್ಜಿಗೆ ಹುಲ್ಲು. ನಾನು ಎಂಜಿನ್ ಆರಿಸಿ ಸೀಟಿನ ಮೇಲೇ ಕುಳಿತುಬಿಟ್ಟೆ. ಆ ಜಮೀನನ್ನು ನಾನು ಮಾಡಲು ಶುರುಮಾಡಿ ನಾಲ್ಕು ವರ್ಷವಾಗಿತ್ತು. ಉತ್ತು, ಗೊಬ್ಬರ ಚೆಲ್ಲಿ, ಕಬ್ಬಿನ ಮೇಲೆ ಕಬ್ಬು ಹಾಕಿ, ಅಲ್ಲಿ ಹಿಂದೆ ಏನಿತ್ತೆಂಬುದರ ಗುರುತೂ ಉಳಿದಿಲ್ಲ ಎಂದುಕೊಂಡಿದ್ದೆ...

ಆ ಎರಡು ಎಕರೆ ಕಾಂಪೌಂಡರದ್ದು. ಅವರಿಗೂ ಒಂದು ಹೆಸರಿತ್ತು, ಆದರೆ ನಮ್ಮೂರಿನಲ್ಲಿ ಯಾರೂ ಅವರನ್ನು ಆ ಹೆಸರಿನಿಂದ ಕರೆದದ್ದು ನಾನು ಕೇಳಿಲ್ಲ. ಮೂವತ್ತು ವರ್ಷಕ್ಕೂ ಮೇಲೆ ಕೆ.ಆರ್. ಪೇಟೆ, ನಾಗಮಂಗಲದ ಕಡೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಮಾತ್ರೆ ಎಣಿಸಿ ಕೊಟ್ಟು, ಗಾಯ ತೊಳೆದು ಕಟ್ಟಿ, ನಿವೃತ್ತರಾದ ಮೇಲೆ ಅರಕೆರೆ ಹತ್ತಿರದ ನಮ್ಮೂರಿಗೆ ವಾಪಸು ಬಂದಿದ್ದರು. ಹಿರಿಯರಿಗೆ ಅವರು ಕಾಂಪೌಂಡ್ರು, ನನ್ನ ವಯಸ್ಸಿನವರಿಗೆ ಮಾವ. ರಕ್ತಸಂಬಂಧವೇನೂ ಅಲ್ಲ, ಊರಿನ ವರಸೆ ಅಷ್ಟೇ. ಹೆಂಡತಿ ಮೊದಲೇ ತೀರಿಕೊಂಡಿದ್ದರು. ಒಬ್ಬಳೇ ಮಗಳು, ಮೈಸೂರಿನಲ್ಲಿ ಟೀಚರು. ನಮ್ಮ ಹೊಲಕ್ಕೂ ಅವರ ಹೊಲಕ್ಕೂ ನಡುವೆ ಒಂದೇ ಬದು. ನಮ್ಮದು ಪಡುವಲಿಗೆ, ಅವರದು ಮೂಡಲಿಗೆ. ಈ ದಿಕ್ಕನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಆಷಾಢದಲ್ಲಿ ನಮ್ಮ ಕಡೆ ಗಾಳಿ ಬೀಸುವುದು ಪಡುವಲಿನಿಂದ.

ನಾಲೆ ನೀರು ಬರುವ ಜಮೀನಿನಲ್ಲಿ ಭತ್ತ, ಕಬ್ಬು ಬಿಟ್ಟು ಬೇರೇನಾದರೂ ಬೆಳೆಯುವವನಿಗೆ ತಲೆ ನೆಟ್ಟಗಿಲ್ಲ ಎನ್ನುವ ಊರು ನಮ್ಮದು. ಕಾಂಪೌಂಡರು ಅಲ್ಲಿ ಸೊಪ್ಪು ಬೆಳೆದರು. ತುಳಸಿ, ಒಂದೆಲಗ, ದೊಡ್ಡಪತ್ರೆ, ಮರುಗ, ಬದುವಿನುದ್ದಕ್ಕೂ ಮಜ್ಜಿಗೆ ಹುಲ್ಲು, ನೀರು ಜಿನುಗುವ ಮೂಲೆಯಲ್ಲಿ ಬಜೆ, ಬೇಲಿಯ ಮೇಲೆ ಅಮೃತಬಳ್ಳಿ. ಎಲ್ಲೋ ಹೋಗಿ ಕೆಲವು ದಿನ ಇದ್ದು ಬಯೋಡೈನಮಿಕ್ ಬೇಸಾಯ ಕಲಿತು ಬಂದಿದ್ದರು. ಆಯುಧಪೂಜೆ ಕಳೆದ ಮೇಲೆ ಹಸುವಿನ ಕೊಂಬುಗಳಿಗೆ ಸಗಣಿ ತುಂಬಿ ಗುಂಡಿಯಲ್ಲಿ ಹೂಳುವುದು, ಯುಗಾದಿ ಹೊತ್ತಿಗೆ ತೆಗೆಯುವುದು. ಚಂದ್ರನ ಲೆಕ್ಕ ನೋಡಿ ಬಿತ್ತುವುದು. ಕೊಂಬು ಹೂಳುವುದನ್ನು ಕಂಡವರು ಕಾಂಪೌಂಡ್ರು ಮಾಟ ಕಲಿತಿದ್ದಾರೆ ಎಂದು ಸುದ್ದಿ ಹಬ್ಬಿಸಿದರು. ಸ್ವಲ್ಪ ದಿನ ಆ ದಾರಿಯಲ್ಲಿ ದನ ಹೊಡೆದುಕೊಂಡು ಹೋಗುವುದನ್ನೂ ಬಿಟ್ಟಿದ್ದರು. ಒಂದು ಯುಗಾದಿಗೆ ಅವರು ನನ್ನನ್ನೇ ಕರೆದು ಗುಂಡಿ ಅಗೆಸಿದರು. ಕೊಂಬಿನೊಳಗಿನಿಂದ ತಟ್ಟಿ ತೆಗೆದದ್ದರಲ್ಲಿ ಸಗಣಿಯ ನಾತವೇ ಇರಲಿಲ್ಲ. ಕಪ್ಪಗೆ, ಪುಡಿಪುಡಿಯಾಗಿ, ಮೊದಲ ಮಳೆ ಬಿದ್ದ ನೆಲದ ಹಾಗಿತ್ತು. ಅದನ್ನು ಹಿಡಿಯಷ್ಟು ಬಕೆಟ್ ನೀರಿಗೆ ಹಾಕಿ, ಕೋಲು ಹಿಡಿದು ಒಂದು ಗಂಟೆ ತಿರುಗಿಸುತ್ತಿದ್ದರು. ನೀರಿನ ನಡುವೆ ಸುಳಿ ಬೀಳುವವರೆಗೆ ಒಂದು ಕಡೆಗೆ, ಆಮೇಲೆ ತಟಕ್ಕನೆ ಇನ್ನೊಂದು ಕಡೆಗೆ. ನಾನು ನಕ್ಕರೆ ಅವರಿಗೆ ಬೇಸರವಿಲ್ಲ. ಪ್ರತಿ ಪಾತಿಗೂ ಒಂದು ಚೀಟಿ ಬರೆದು ಕಡ್ಡಿಗೆ ಸಿಕ್ಕಿಸಿರುತ್ತಿದ್ದರು. ಆಸ್ಪತ್ರೆಯ ಕೈಬರಹ ಹಾಗೆಯೇ ಉಳಿದಿತ್ತು: ಬೆಳಿಗ್ಗೆ ಒಂದು, ಸಂಜೆ ಒಂದು, ನೀರಿನ ಲೆಕ್ಕ.

ಅವರ ತೋಟದಲ್ಲಿ ಕೆಲಸಕ್ಕೆ ಬರುತ್ತಿದ್ದವರು ತಾಯಮ್ಮ. ನಾಗಮಂಗಲ ಕಡೆಯ, ಮಳೆಯನ್ನೇ ನಂಬಿದ ಬೆದ್ದಲು ಊರಿನಲ್ಲಿ ಹುಟ್ಟಿದ ಹೆಂಗಸು. ಕಲ್ಲುಗುಡ್ಡದಲ್ಲಿ ಯಾವ ಬೇರು ಎಲ್ಲಿದೆ ಎಂಬುದನ್ನು ಚಿಕ್ಕಂದಿನಿಂದ ನೋಡಿದವರು. ನಮ್ಮೂರಿಗೆ ಸೊಸೆಯಾಗಿ ಬಂದು, ಗಂಡ ಹೋದ ಮೇಲೆ ಕೂಲಿಗೆ ಹೋಗಿ ಮಗಳನ್ನು ಸಾಕಿದ್ದರು. ತಾಯಮ್ಮನ ಕೈಗುಣ ಎಂದರೆ ಊರಿಗೇ ನಂಬಿಕೆ. ಅವರು ನೆಟ್ಟ ಕಡ್ಡಿ ಒಣಗುವುದಿಲ್ಲ. ಯಾರ ಮನೆಯಲ್ಲಿ ಮಗು ಹುಟ್ಟಿದರೂ ಬಜೆ ತೇಯ್ದು ನಾಲಿಗೆಗೆ ಮುಟ್ಟಿಸಲು ಅವರನ್ನೇ ಕರೆಯುತ್ತಿದ್ದರು. ಕಾಂಪೌಂಡರು ಪುಸ್ತಕ ನೋಡಿ ಹೇಳುವುದನ್ನು ತಾಯಮ್ಮ ಎಲೆ ಮುಟ್ಟಿ ಹೇಳುತ್ತಿದ್ದರು. ಇಬ್ಬರಿಗೂ ದಿನಾ ಜಗಳ, ದಿನಾ ರಾಜಿ. ನಮ್ಮ ಹೊಲದಲ್ಲಿ ಕೆಲಸ ಮಾಡುತ್ತಾ ನಾನು ಬದುವಿನಾಚೆಯ ಆ ವಾದ ಕೇಳುತ್ತಿದ್ದೆ. ಈಗ ನೆನೆದರೆ, ನನ್ನ ಬೇಸಾಯದ ಅತಿ ಸುಖದ ದಿನಗಳು ಅವೇ ಇರಬೇಕು...

ಕಾಂಪೌಂಡರ ಋಣ ನಮ್ಮ ಮನೆಯ ಮೇಲೆ ಇತ್ತು. ಸಕ್ಕರೆ ಕಾಯಿಲೆಯಿದ್ದ ನಮ್ಮಪ್ಪನ ಕಾಲಿಗೆ ಮುಳ್ಳು ಚುಚ್ಚಿ ಕೀವಾಗಿ, ಪಾದ ತೆಗೆಯಬೇಕಾದೀತು ಎನ್ನುವ ಮಾತು ಬಂದಿತ್ತು. ಡಾಕ್ಟರು ಬರೆದ ಔಷಧಿಯನ್ನು ತಪ್ಪಿಸದೆ, ದಿನಕ್ಕೆರಡು ಸಲ ಬಂದು, ಗಾಯ ತೊಳೆದು ಕಟ್ಟಿ ಹೋದವರು ಕಾಂಪೌಂಡರು. ನಲವತ್ತು ದಿನ. ಕೊಠಡಿಯಲ್ಲಿ ಕೂರಲಾರದಂಥ ನಾತ. ಹೆತ್ತ ಮಗನಾದ ನಾನೇ ಮೂಗು ಮುಚ್ಚಿಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದೆ. ಅವರು ಒಂದು ಪಾತ್ರೆಯಲ್ಲಿ ಮಜ್ಜಿಗೆ ಹುಲ್ಲು ಕುದಿಸಿ ಮಂಚದ ಕೆಳಗೆ ಇಡುತ್ತಿದ್ದರು. "ಗಾಯಕ್ಕೆ ಔಷ್ದಿ ಕೊಟ್ರೆ ಸಾಲ್ದು ಕಣ್ಲಾ, ನೋಡ್ಕೊಳೋರ್ ಮೂಗ್ಗೂ ಒಸಿ ಕೊಡ್ಬೇಕು" ಎಂದಿದ್ದರು. ಅಪ್ಪ ಇನ್ನೂ ಮೂರು ವರ್ಷ ಬದುಕಿದರು, ಎರಡೂ ಕಾಲಿನ ಮೇಲೆ ನಡೆದುಕೊಂಡು.

ನನ್ನಿಂದ ಕಾಂಪೌಂಡರು ಕೇಳಿದ್ದು ಒಂದೇ ವಿಷಯ. ಕಬ್ಬಿಗೆ ಕಳೆ ಔಷಧಿ ಹೊಡೆಯುವುದಾದರೆ ಗಾಳಿಯಿಲ್ಲದ ಬೆಳಗಿನ ಹೊತ್ತು ಹೊಡೆಯಬೇಕು, ಹಿಂದಿನ ದಿನ ತಿಳಿಸಬೇಕು. ಅವರು ಬದುವಿನ ಪಕ್ಕದ ಪಾತಿಗಳಿಗೆ ಹಳೆಯ ಸೀರೆ, ಗೋಣಿ ಹೊದಿಸಿಕೊಳ್ಳುತ್ತಿದ್ದರು. ಕಳೆ ಔಷಧಿ ಹುಲ್ಲಿನ ಜಾತಿಯನ್ನು ಬಿಟ್ಟು ಅಗಲ ಎಲೆಯದನ್ನು ಹಿಡಿಯುತ್ತದೆ. ಕಬ್ಬಿಗೆ ಏನೂ ಆಗದು, ತುಳಸಿಗೆ ಅದೇ ವಿಷ. ಅಲ್ಲದೆ ಅವರ ಸೊಪ್ಪನ್ನು ಔಷಧಿ ತಯಾರಿಸುವವರು ಕೊಳ್ಳುತ್ತಿದ್ದರು. ಅದಕ್ಕೆ ವರ್ಷಕ್ಕೊಮ್ಮೆ ತಪಾಸಣೆಯವರು ಬಂದು ತೋಟ ನೋಡಿ ಪ್ರಮಾಣಪತ್ರ ಕೊಡಬೇಕು. ವಿಷ ತಾಗಿತೆಂದರೆ ಮೂರು ವರ್ಷ ಹಿಂದಕ್ಕೆ ಹೋಗಿ ಮೊದಲಿನಿಂದ ಶುರು. ನಾನು ಮಾತು ಕೊಟ್ಟಿದ್ದೆ. ನಾಲ್ಕು ವರ್ಷ ನಡೆಸಿಕೊಂಡೂ ಬಂದಿದ್ದೆ.

ಐದನೇ ವರ್ಷದ ಆಷಾಢ. ಕಬ್ಬಿನೊಳಗೆ ಹಂಬು ಕಳೆ ಎದ್ದು ಸುತ್ತಿಕೊಳ್ಳುತ್ತಿತ್ತು. ಸ್ನೇಹಿತನೊಬ್ಬನ ಪೆಟ್ರೋಲ್ ಪಂಪು ಒಂದು ದಿನದ ಮಟ್ಟಿಗೆ ಸಿಕ್ಕಿತು. ಮಧ್ಯಾಹ್ನ ಅದು ಬೇರೆ ಕಡೆ ಹೋಗಬೇಕು ಎಂದಿದ್ದ. ಹಿಂದಿನ ಸಂಜೆ ಕಾಂಪೌಂಡರಿಗೆ ತಿಳಿಸಲು ಹೋದರೆ ಬಾಗಿಲಿಗೆ ಬೀಗ. ಅವರು ಮಗಳ ಮನೆಗೆ ಹೋಗಿದ್ದರು. ತಾಯಮ್ಮನಿಗೂ ಅವತ್ತು ರಜೆ. ತಾಯಮ್ಮನ ಮನೆ ಇನ್ನೆರಡು ಬೀದಿ ಆಚೆಗಿತ್ತು, ಹೋಗಿ ಹೇಳಬಹುದಿತ್ತು. ಹೋಗಲಿಲ್ಲ. ಬೆಳಿಗ್ಗೆ ಪಂಪು ಸ್ಟಾರ್ಟ್ ಆಗದೆ ಸತಾಯಿಸಿ, ಹೊಡೆಯಲು ಶುರುಮಾಡಿದಾಗ ಒಂಬತ್ತು ದಾಟಿತ್ತು. ಹನ್ನೊಂದರ ಹೊತ್ತಿಗೆ ಗಾಳಿ ಎದ್ದಿತು. ಬದುವಿನ ಕಡೆಯ ಸಾಲುಗಳು ಉಳಿದಿದ್ದವು, ಎರಡು ಟ್ಯಾಂಕಿನಷ್ಟು ಕೆಲಸ. ನಿಲ್ಲಿಸಬೇಕೆಂದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಬರೆಯಲು ನನ್ನ ಕೈ ಏಳುತ್ತಿಲ್ಲ. ನಳಿಕೆಯಿಂದ ಹೊರಟ ಮಂಜು ಕಬ್ಬಿನ ಮೇಲೆ ಕೂರದೆ ಎದ್ದು, ಬದು ದಾಟಿ, ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಾ ತುಳಸಿಯ ಕಡೆಗೆ ಹೋಗುವುದನ್ನು ನಾನು ನೋಡಿದೆ. ನೋಡಿಯೂ ಎರಡೂ ಟ್ಯಾಂಕು ಮುಗಿಸಿದೆ. ಸುತ್ತ ಯಾರೂ ಇರಲಿಲ್ಲ.

ಮನೆಗೆ ಬಂದು ಸ್ನಾನ ಮಾಡುವಾಗ ನನ್ನ ಹೆಂಡತಿ ಕೇಳಿದಳು, ಇಷ್ಟು ಗಾಳಿಯಲ್ಲಿ ಹೊಡೆದಿರಾ ಎಂದು. ಏನೂ ಆಗುವುದಿಲ್ಲ ಎಂದೆ. ಮಾವನಿಗೆ ಹೇಳಿಬಿಡಿ ಎಂದಳು. ಹೇಳುತ್ತೇನೆ ಎಂದೆ.

ಮಾರನೇ ದಿನ ಕಾಂಪೌಂಡರು ಊರಿಗೆ ವಾಪಸು ಬಂದರು. ಅದರ ಮರುದಿನ ಬೆಳಕು ಹರಿಯುವ ಹೊತ್ತಿಗೆ ಅವರು ಬೆಣಚುಕಲ್ಲಿನ ಪುಡಿಯ ನೀರು ಸಿಂಪಡಿಸುವ ದಿನ. ಅದೂ ಕೊಂಬಿನಲ್ಲಿಟ್ಟು ತೆಗೆದದ್ದೇ, ಎಲೆಗೆ ಬೆಳಕು ಹಿಡಿಸುತ್ತದೆ ಎನ್ನುತ್ತಿದ್ದರು. ಅವರು ಹೆಗಲಿಗೆ ಹಾಕಿಕೊಂಡು ಸಿಂಪಡಿಸುವ ಕ್ಯಾನಿನ ವಾಷರು ಕಿತ್ತುಹೋಗಿತ್ತು. ತಾಯಮ್ಮನನ್ನು ನಮ್ಮ ಮನೆಗೆ ಕಳಿಸಿದರು. ನನ್ನ ಹೆಂಡತಿ ಹಿತ್ತಲಲ್ಲಿದ್ದ ನಮ್ಮ ಕ್ಯಾನು ಕೊಟ್ಟಳು. ಅದು ಹಿತ್ತಲ ದಾಸವಾಳ, ಬದನೆ ಗಿಡಕ್ಕೆ ಬೇವಿನೆಣ್ಣೆ ಹೊಡೆಯಲು ಇಟ್ಟುಕೊಂಡಿದ್ದ ಕ್ಯಾನು. ಒಂದು ದಿನವೂ ಅದಕ್ಕೆ ಕಳೆ ಔಷಧಿ ಮುಟ್ಟಿರಲಿಲ್ಲ.

ಶನಿವಾರ ಬೆಳಿಗ್ಗೆ ಕಾಂಪೌಂಡರು ಬದುವಿನ ಮೇಲೆ ನಿಂತು ನನ್ನನ್ನು ಕೂಗಿದರು. ಹೋಗಿ ನೋಡಿದೆ. ತುಳಸಿಯ ಚಿಗುರೆಲ್ಲ ಮುರುಟಿ, ಎಲೆಗಳು ಬೊಗಸೆಯ ಹಾಗೆ ಮಡಿಸಿಕೊಂಡು, ಕಾಂಡ ಹಗ್ಗದಂತೆ ತಿರುಚಿಕೊಂಡಿದ್ದವು. ಮರುಗ ತಲೆ ಬಗ್ಗಿಸಿತ್ತು. ಒಂದೆಲಗದ ಪಾತಿ ಹಳದಿ ತಿರುಗಿತ್ತು. ಮಜ್ಜಿಗೆ ಹುಲ್ಲು ಮಾತ್ರ ಏನೂ ಆಗದಂತೆ ಗಾಳಿಗೆ ಓಲಾಡುತ್ತಿತ್ತು. ತಾಯಮ್ಮ ಪಾತಿಯ ನಡುವೆ ಕುಕ್ಕರುಗಾಲಲ್ಲಿ ಕುಳಿತು ಒಂದೊಂದೇ ಎಲೆಯನ್ನು ಬಿಡಿಸಲು ನೋಡುತ್ತಿದ್ದರು, ನಿದ್ದೆಯಲ್ಲಿರುವ ಮಗುವಿನ ಮುಷ್ಟಿ ಬಿಡಿಸುವ ಹಾಗೆ.

ಕಾಂಪೌಂಡರು ನನ್ನ ಮೇಲೆ ಸಿಟ್ಟಾಗಲಿಲ್ಲ. ರೋಗಿಯ ಹತ್ತಿರ ಕೇಳುವ ಹಾಗೆ ಕೇಳಿದರು. ಯಾವಾಗ ಹೊಡೆದೆ? ಸೋಮವಾರ ಎಂದೆ. ಎಷ್ಟು ಹೊತ್ತಿಗೆ? ಏಳು ಗಂಟೆಯೊಳಗೆ ಮುಗಿಸಿದೆ ಮಾವ, ಎಲೆ ಅಲ್ಲಾಡುತ್ತಿರಲಿಲ್ಲ, ನಿಮ್ಮ ಮನೆಗೆ ಬೀಗ ಇತ್ತು, ಅದಕ್ಕೇ ಹೇಳಲಾಗಲಿಲ್ಲ ಎಂದೆ. ಅವರು ನನ್ನ ಮುಖವನ್ನೇ ನೋಡಲಿಲ್ಲ. ಅನುಮಾನವಿದ್ದವರು ತಾನೇ ಮುಖ ನೋಡುವುದು? ನನ್ನ ಮಾತನ್ನು ಹಾಗೆಯೇ ತೆಗೆದುಕೊಂಡು ಅದರ ಮೇಲೆ ಯೋಚನೆ ಮಾಡಲು ಶುರುಮಾಡಿದರು. ಗಾಳಿಯಲ್ಲವೆಂದರೆ ಮತ್ತೇನು? ನೀರೆಂದರೆ ಎಲ್ಲ ಪಾತಿಗೂ ಒಂದೇ ನೀರು. ಆಮೇಲೆ ಅವರ ಕಣ್ಣು ಗುಡಿಸಲಿನ ಪಕ್ಕದಲ್ಲಿದ್ದ ನಮ್ಮ ಕ್ಯಾನಿನ ಮೇಲೆ ನಿಂತಿತು.

"ಆ ಕ್ಯಾನಿಗೆ ಯಾವತ್ತಾದ್ರೂ ಕಳೆ ಔಷ್ದಿ ಹಾಕಿದ್ಯೇನ್ಲಾ?"

ಇಲ್ಲ ಎನ್ನಬಹುದಿತ್ತು. ಅದು ನಿಜವೂ ಆಗಿತ್ತು. ಆದರೆ ಇಲ್ಲ ಎಂದಿದ್ದರೆ ಅವರ ಯೋಚನೆ ತಿರುಗಿ ಗಾಳಿಯ ಹತ್ತಿರಕ್ಕೇ ಬರುತ್ತಿತ್ತು. ನನ್ನ ಹತ್ತಿರಕ್ಕೆ.

"ಓದ್ ವರ್ಷ ಒಂದ್ಸಲ ಹಾಕಿದ್ದೆ ಅನ್ಸತ್ತೆ ಮಾವ... ಸರ್ಯಾಗ್ ಗ್ಯಾಪ್ನ ಇಲ್ಲ" ಎಂದೆ.

ತಾಯಮ್ಮ ಎದ್ದು ನಿಂತರು. ಮಣ್ಣಾಗಿದ್ದ ಕೈಯನ್ನು ಸೀರೆಗೆ ಒರೆಸಿಕೊಳ್ಳುವುದನ್ನೂ ಮರೆತು, "ಮೂರ್ ಸಲ ತೊಳ್ದಿದ್ದೆ ಕಣಣ್ಣ, ಮೂರ್ ಸಲ" ಎಂದರು. ಅವರು ಬದುವಿನ ಕಡೆಯ ಪಾತಿಯಿಂದಲೇ ಸಿಂಪಡಿಸಲು ಶುರುಮಾಡಿದ್ದರಂತೆ. ಅದಕ್ಕೇ ಆ ಕಡೆ ಜಾಸ್ತಿ ಸುಟ್ಟಿದೆ ಎಂದು ಕಾಂಪೌಂಡರು ಲೆಕ್ಕ ಹೊಂದಿಸಿಕೊಂಡರು. ಎಲ್ಲ ಸರಿಹೋಯಿತು, ಒಂದು ಸುಳ್ಳಿನ ಮೇಲೆ. "ಎದ್ರುಕೊಬ್ಯಾಡ ಸುಮ್ಕಿರವ್ವ, ತರಕ್ ಕಳ್ಸಿದೋನು ನಾನು, ವಾಸ್ನೆ ನೋಡ್ದೆ ತುಂಬಿದೋನೂ ನಾನೇ" ಎಂದರು. ನಾನು ಅಲ್ಲೇ ನಿಂತಿದ್ದೆ.

ಅವರು ಪ್ರಾಮಾಣಿಕರಾಗಿದ್ದದ್ದು ನನಗೆ ಇನ್ನೂ ದೊಡ್ಡ ಶಿಕ್ಷೆಯಾಯಿತು. ತಪಾಸಣೆಯವರು ಬರುವವರೆಗೂ ಕಾಯದೆ ತಾವೇ ಪತ್ರ ಬರೆದರು: ತಮ್ಮದೇ ಅಜಾಗರೂಕತೆಯಿಂದ ವಿಷದ ಕ್ಯಾನು ಬಳಕೆಯಾಗಿದೆ ಎಂದು. ತಪಾಸಣೆಯವರು ಬಂದು ನೋಡಿ, ಎರಡು ಎಕರೆಯ ಪ್ರಮಾಣಪತ್ರವನ್ನೂ ತೆಗೆದು, ಮೂರು ವರ್ಷ ಹಿಂದಕ್ಕೆ ಹಾಕಿ ಹೋದರು. ಸುಟ್ಟ ಪಾತಿಗಳನ್ನು ಕಿತ್ತು ಹಾಕುವ ದಿನ ನಾನೂ ಕೈ ಹಾಕಿದೆ. ಇಡೀ ದಿನ ಕಾಂಪೌಂಡರ ಪಕ್ಕದಲ್ಲಿ ಬಗ್ಗಿ ತುಳಸಿ ಕಿತ್ತೆ. ಸಂಜೆ ನೀರು ಕುಡಿಯುತ್ತಾ ಅವರು ನನ್ನ ಬೆನ್ನು ತಟ್ಟಿ, ಹೊತ್ತಿಗಾದವನು ನೀನೊಬ್ಬನೇ ಎಂದು ಹೇಳಿದರು. ಅವತ್ತು ಹೇಳಬೇಕಿತ್ತು.

ತಾಯಮ್ಮ ಮರುವಾರದಿಂದ ಕೆಲಸಕ್ಕೆ ಬರಲಿಲ್ಲ. ಕಾಂಪೌಂಡರು ಎರಡು ಸಲ ಮನೆಗೆ ಹೋಗಿ ಕರೆದರು. ಅವರು ಬರುತ್ತೇನೆ ಎನ್ನುವುದು, ಬರದೆ ಇರುವುದು. ಊರಿನಲ್ಲಿ ಮಾತು ಎದ್ದಿತ್ತು. ತಾಯಮ್ಮನ ಕೈಗುಣ ಹೋಯಿತು, ಕಾಂಪೌಂಡರ ತೋಟವನ್ನೇ ಸುಟ್ಟ ಕೈ ಅದು ಎಂದು. ಬಾಣಂತಿ ಮನೆಗಳಿಂದ ಕರೆ ಬರುವುದು ನಿಂತಿತು. ಡೈರಿಯ ಹತ್ತಿರ ಯಾರೋ ಆ ಮಾತು ಆಡಿದಾಗ ನಾನು ಹಾಲಿನ ಕ್ಯಾನು ಹಿಡಿದು ಅಲ್ಲೇ ಸಾಲಿನಲ್ಲಿದ್ದೆ. ಬಾಯಿ ಬಿಡಲಿಲ್ಲ. ತಾಯಮ್ಮ ವರ್ಷದೊಳಗೆ ಮನೆ ಖಾಲಿ ಮಾಡಿ ಪಾಂಡವಪುರದಲ್ಲಿದ್ದ ಮಗಳ ಹತ್ತಿರ ಹೊರಟುಹೋದರು. ನನ್ನ ಹೆಂಡತಿ ಒಂದು ದಿನ, ನೀವು ಹೇಳದಿದ್ದರೆ ನಾನೇ ಹೇಳುತ್ತೇನೆ ಎಂದು ಹಟ ಹಿಡಿದಳು. ಆದರೆ ಅವಳೂ ಹೇಳಲಿಲ್ಲ. ಅವಳು ಹೇಳದೆ ಇದ್ದದ್ದು ನನ್ನ ಮಾನಕ್ಕಾಗಿ. ನಮ್ಮಿಬ್ಬರ ನಡುವೆ ಆ ವಿಷಯ ಬಂದರೆ ಇಬ್ಬರೂ ಎದ್ದು ಬೇರೆ ಬೇರೆ ಕೆಲಸ ಹುಡುಕಿಕೊಳ್ಳುತ್ತಿದ್ದೆವು.

ಕಾಂಪೌಂಡರು ಮತ್ತೆ ಸಸಿ ಮಡಿ ಮಾಡಿದರು. ಆ ವಯಸ್ಸಿನಲ್ಲಿ ಮೂರು ವರ್ಷ ಹಿಂದಕ್ಕೆ ಹೋಗಿ ಶುರುಮಾಡುವುದೆಂದರೇನು ಎಂದು ನನಗೀಗ ಅರ್ಥವಾಗುತ್ತದೆ. ಒಬ್ಬರೇ ಬಕೆಟ್ಟಿನ ಮುಂದೆ ಕುಳಿತು ತಿರುಗಿಸುತ್ತಿದ್ದರು. ಮೊದಲು ಆ ಕೆಲಸವನ್ನು ಅವರೂ ತಾಯಮ್ಮನೂ ಅರ್ಧರ್ಧ ಗಂಟೆ ಹಂಚಿಕೊಳ್ಳುತ್ತಿದ್ದರು. ಈಗ ಇಪ್ಪತ್ತು ನಿಮಿಷಕ್ಕೇ ನಿಲ್ಲಿಸಿ ಉಸಿರು ಎಳೆದುಕೊಳ್ಳುತ್ತಿದ್ದರು. ನಾನು ಹೋಗಿ ಕೋಲು ಹಿಡಿಯುತ್ತಿದ್ದೆ. ಅದನ್ನು ಪ್ರಾಯಶ್ಚಿತ್ತ ಎಂದುಕೊಂಡಿದ್ದೆನೋ ಏನೋ. ಅವರ ಕಣ್ಣಿಗೆ ಅದು ಉಪಕಾರವಾಗಿ ಕಂಡು, ನನ್ನ ಮೇಲಿನ ನಂಬಿಕೆ ಇನ್ನಷ್ಟು ಬೆಳೆಯಿತು.

ಎರಡನೇ ವರ್ಷ ಅವರ ಎದೆ ಕೈಕೊಟ್ಟಿತು. ಮಗಳು ಮೈಸೂರಿಗೆ ಕರೆದುಕೊಂಡು ಹೋದಳು. ನಾನು ನೋಡಲು ಹೋದೆ. ಬಸ್ಸಿನಲ್ಲಿ ಶ್ರೀರಂಗಪಟ್ಟಣ ದಾಟುವಾಗ, ಏನು ಹೇಳಬೇಕು, ಯಾವ ಮಾತಿನಿಂದ ಶುರುಮಾಡಬೇಕು ಎಂದು ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದೆ. ಮಗಳು ಕಾಫಿ ತರಲು ಒಳಗೆ ಹೋದಳು. ನಾವಿಬ್ಬರೇ. ಅವರು ತುಂಬ ಇಳಿದುಹೋಗಿದ್ದರು, ಆದರೆ ತಲೆಯೆಲ್ಲ ತೋಟದಲ್ಲೇ ಇತ್ತು. ಒಂದೆಲಗಕ್ಕೆ ನೆರಳು ಮಾಡಿದೆಯಾ, ಬಜೆಯ ಮೂಲೆಯಲ್ಲಿ ನೀರು ನಿಂತಿದೆಯಾ ಎಂದು ವಿಚಾರಿಸಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಹೇಳಿದರು:

"ತಾಯಮ್ಮನ್ನ ಒಂದ್ಸಲ ಕರ್ಕಂಬಾರ್ಲಾ. ಅವ್ಳು ಬಂದು ನನ್ ತಾವ ಜಗ್ಳ ಆಡ್ಲಿ. ಅವ್ಳ್ ಮನ್ಸಲ್ ಅದು ಕೂತ್ಬುಟ್ಟದೆ, ನಾನೇ ತೆಗೀಬೇಕು."

ಕರೆದುಕೊಂಡು ಬರುತ್ತೇನೆ ಎಂದೆ. ಎದ್ದು ಓಡಾಡುವಂತಾಗಲಿ, ಆಮೇಲೆ ಎಲ್ಲ ಹೇಳಿಬಿಡೋಣ, ಇಂಥ ಸ್ಥಿತಿಯಲ್ಲಿ ಯಾಕೆ ಎಂದು ನನಗೆ ನಾನೇ ಒಂದು ಕಾರಣ ಕೊಟ್ಟುಕೊಂಡೆ. ಕಾರಣ ಚೆನ್ನಾಗಿತ್ತು. ಕಾಫಿ ಕುಡಿದು ಬಂದೆ. ಪಾಂಡವಪುರಕ್ಕೆ ಅವತ್ತೂ ಹೋಗಲಿಲ್ಲ, ಮಾರನೇ ದಿನವೂ ಹೋಗಲಿಲ್ಲ. ತಾಯಮ್ಮನ ಎದುರಿಗೆ ನಿಲ್ಲುವ ಧೈರ್ಯ ನನಗಿರಲಿಲ್ಲ. ಒಂಬತ್ತು ದಿನಕ್ಕೆ ಕಾಂಪೌಂಡರು ತೀರಿಕೊಂಡರು.

ಊರಿನಲ್ಲಿ ಮಣ್ಣುಮಾಡಲಿಲ್ಲ. ಮೈಸೂರಿನಲ್ಲಿ ದಹನ ಮುಗಿಸಿ, ಶ್ರೀರಂಗಪಟ್ಟಣದ ಹತ್ತಿರ ಪಶ್ಚಿಮವಾಹಿನಿಯ ಹೊಳೆಯಲ್ಲಿ ಅಸ್ಥಿ ಬಿಟ್ಟರು. ತಾಯಮ್ಮ ಬರಲಿಲ್ಲ. ಸಾಕಿದವರ ಸಾವಿಗೂ ಬರಲಿಲ್ಲ ನೋಡು ಎಂದು ಊರಿನವರು ಅಂದದ್ದನ್ನೂ ನಾನು ಕೇಳಿಸಿಕೊಂಡೆ. ತಿಂಗಳು ಕಳೆದ ಮೇಲೆ ಮಗಳು ಬಂದು, ಜಮೀನು ನೀವೇ ನೋಡಿಕೊಳ್ಳಿ, ಅಪ್ಪ ಊರಿನಲ್ಲಿ ನಂಬುತ್ತಿದ್ದದ್ದು ನಿಮ್ಮನ್ನೇ ಎಂದಳು. ನಾನು ಆಗುವುದಿಲ್ಲ ಎನ್ನಲಿಲ್ಲ. ಮೊದಲ ವರ್ಷ ಅವರ ಪಾತಿಗಳಿಗೆ ನೀರು ಬಿಟ್ಟೆ. ಅವು ಒಂದೊಂದಾಗಿ ಹೋದವು. ಆಮೇಲೆ ಕಬ್ಬು ಹಾಕಿದೆ.

ಅದೇ ಹೊಲದಲ್ಲಿ, ಎಂಜಿನ್ ಆರಿಸಿದ ಟ್ರಾಕ್ಟರಿನ ಮೇಲೆ ಹೋದ ಮಾಗಿಯಲ್ಲಿ ನಾನು ಕುಳಿತಿದ್ದದ್ದು. ಎಷ್ಟು ಹೊತ್ತು ಕುಳಿತಿದ್ದೆನೋ. ಎದ್ದವನು ಟ್ರಾಕ್ಟರನ್ನು ಅಲ್ಲೇ ಬಿಟ್ಟು ಮನೆಗೆ ಹೋಗಿ ಕಾಲು ತೊಳೆದು, ಪಾಂಡವಪುರಕ್ಕೆ ಹೋಗಿ ಬರುತ್ತೇನೆ ಎಂದೆ. ಹೆಂಡತಿ ಯಾಕೆ ಎಂದು ಕೇಳಲಿಲ್ಲ. ಒಗೆದ ಅಂಗಿ ತಂದುಕೊಟ್ಟಳು.

ತಾಯಮ್ಮ ಮಗಳ ಮನೆಯ ಜಗುಲಿಯಲ್ಲಿ ಅವರೆಕಾಯಿ ಬಿಡಿಸುತ್ತಾ ಕುಳಿತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನ ಗುರುತು ಹಿಡಿದು, ಕುಂತ್ಕೊ ಕಣಪ್ಪ ಎಂದು ಮೊರ ಪಕ್ಕಕ್ಕೆ ಸರಿಸಿದರು. ಒಳಗೆ ಮೊಮ್ಮಗಳ ಕೂಸು ಅಳುತ್ತಿತ್ತು. ಕೂಸಿಗೆ ಬಜೆ ತೇಯುತ್ತೀರಾ ಎಂದು ಬಾಯಿಗೆ ಬಂದದ್ದನ್ನು ಕೇಳಿಬಿಟ್ಟೆ. ಇಲ್ಲ, ಈಗ ಯಾರಿಗೂ ಮುಟ್ಟಿಸುವುದಿಲ್ಲ, ಮನೆಯ ಕೂಸಿಗೂ ಇಲ್ಲ ಎಂದರು. ಆಮೇಲೆ ನಾನು ನಿಲ್ಲಿಸದೆ ಹೇಳಿದೆ. ಗಾಳಿ, ಹನ್ನೊಂದು ಗಂಟೆ, ಎರಡು ಟ್ಯಾಂಕು, ನಾನು ಆಡಿದ ಮಾತು, ಎಲ್ಲ.

ಅವರ ಕೈ ನಿಂತಿತು. "ಆ ಕ್ಯಾನ್ಗೆ ಕಳೆ ಔಷ್ದಿ ಹಾಕೇ ಇರ್ನಿಲ್ವಾ?"

"ಇಲ್ಲ ಕಣಕ್ಕ. ಯಾವತ್ತೂ ಇಲ್ಲ."

ಅವರು ಮತ್ತೆ ಅವರೆಕಾಯಿ ಬಿಡಿಸತೊಡಗಿದರು. ಬೈಯಲಿ ಎಂದು ನಾನು ಕಾಯುತ್ತಿದ್ದೆ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು, ಅದನ್ನು ಕೊಡುವ ಮನಸ್ಸು ಅವರಿಗಿರಲಿಲ್ಲ ಎನಿಸುತ್ತದೆ. ಕಡೆಗೆ ಮೊರದ ಕಡೆಗೇ ನೋಡುತ್ತಾ ಹೇಳಿದರು:

"ಅಣ್ಣ ಸತ್ತಾಗ ನಾನ್ ಮಕ ನೋಡಕ್ ಬರ್ನಿಲ್ಲ ಕಣಪ್ಪ. ಸುದ್ದಿ ಬಂದಿತ್ತು, ಸೀರೆ ಉಟ್ಕೊಂಡು ಬಸ್‌ಸ್ಟ್ಯಾಂಡ್ ಗಂಟ ಬಂದಿದ್ದೆ. ಅವ್ರ ತ್ವಾಟ ಸುಟ್ಟೋಳು ಯಾವ್ ಮಕ ಇಟ್ಕಂಡ್ ಓಗ್ಲಿ ಅಂತ ತಿರಿಕ್ಕೊಂಡ್ ಬಂದ್ಬುಟ್ಟೆ. ಅದ್ನ ವಾಪಸ್ ಕೊಡಕ್ ಆಯ್ತದಾ ನಿನ್ ಕೈಲಿ?"

ಕಾಂಪೌಂಡರು ಅವರನ್ನು ನೋಡಬೇಕೆಂದಿದ್ದರು, ನನ್ನ ಹತ್ತಿರವೇ ಹೇಳಿ ಕಳಿಸಿದ್ದರು ಎಂಬುದನ್ನೂ ಹೇಳಬೇಕಾಗಿತ್ತು. ಅದನ್ನು ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. ಹೇಳಿದೆ. ಆಗ ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡು ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದಲೇ ಅವರ ದನಿ ಬಂತು. "ಊರಲ್ ಯೋಳು ಓಗು. ನನ್ ತಾವ ಅಲ್ಲ."

ಮಾರನೇ ದಿನ ಬೆಳಿಗ್ಗೆ ಡೈರಿಯಲ್ಲಿ, ಹಾಲು ಅಳೆಯುವ ಸಾಲಿನಲ್ಲಿ ನಿಂತು ಹೇಳಿದೆ. ದನಿ ಸರಿಯಾಗಿ ಬರಲಿಲ್ಲ, ಹಿಂದಿದ್ದವರಿಗಾಗಿ ಇನ್ನೊಮ್ಮೆ ಹೇಳಬೇಕಾಯಿತು. ಕೆಲವರಿಗೆ ನಾನು ಯಾವುದರ ಬಗ್ಗೆ ಮಾತಾಡುತ್ತಿದ್ದೇನೆ ಎಂಬುದೇ ತಿಳಿಯಲಿಲ್ಲ. ಹೋಗಲಿ ಬಿಡು, ಅದ್ಯಾವ ಕಾಲದ ಮಾತು ಎಂದು ಒಬ್ಬರು ಸಮಾಧಾನ ಮಾಡಲು ಬಂದರು. ಹಾಲು ಅಳೆಯುವುದು ನಡೆದೇ ಇತ್ತು. ನಮ್ಮ ಬೀದಿಯ ಒಬ್ಬ ಹೆಂಗಸು ಮಾತ್ರ ಚೊಂಬು ಕೆಳಗಿಟ್ಟು ನನ್ನನ್ನೇ ನೋಡಿದಳು. "ನನ್ ಮಗ್ಳು ಬಾಣಂತಿಯಾಗಿದ್ದಾಗ ಅವ್ಳು ಬಾಗ್ಲಿಗ್ ಬಂದಿದ್ಲು. ನಾನೇ ಬರ್ಬ್ಯಾಡ ಅಂದ್ಬುಟ್ಟೆ" ಎಂದಳು. ಅಷ್ಟೇ ಹೇಳಿ ಹಾಲು ಹಾಕದೆ ಮನೆಗೆ ಹೋದಳು.

ಕಾಂಪೌಂಡರ ಮಗಳಿಗೆ ಫೋನ್ ಮಾಡಿದೆ. ಅವಳು ಕೊನೆಯವರೆಗೂ ಕೇಳಿಸಿಕೊಂಡಳು. ಅಪ್ಪನಿಗೆ ಹೇಳಿದ್ದರೆ ಅಪ್ಪ ನಿಮ್ಮನ್ನು ಬೈಯುತ್ತಿರಲಿಲ್ಲ, ಅದು ನಿಮಗೂ ಗೊತ್ತಿತ್ತು, ಆದರೂ ಹೇಳಲಿಲ್ಲ ಎಂದಳು. ಜಮೀನು ಬಿಟ್ಟುಕೊಡಿ ಎಂದಳು. ಅವತ್ತೇ ಬಿಟ್ಟೆ. ಮುಂದಿನ ಭಾನುವಾರ ಅವಳು ಪಾಂಡವಪುರಕ್ಕೆ ಹೋಗಿ ತಾಯಮ್ಮನನ್ನು ಕಾರಿನಲ್ಲಿ ಕೂರಿಸಿಕೊಂಡು ಪಶ್ಚಿಮವಾಹಿನಿಗೆ ಕರೆದುಕೊಂಡು ಹೋದಳಂತೆ. ಹೋಗುವ ಮುಂಚೆ ನನಗೆ ತಿಳಿಸಿದ್ದಳು, ನೀವು ಬರುವುದು ಬೇಡ ಎಂದೂ ಹೇಳಿದ್ದಳು. ಅಲ್ಲಿ ಏನು ನಡೆಯಿತು, ತಾಯಮ್ಮ ಅತ್ತರೋ, ನದಿಯ ಕಡೆ ನೋಡಿಕೊಂಡು ಸುಮ್ಮನೆ ಕುಳಿತಿದ್ದರೋ, ನನಗೆ ಗೊತ್ತಿಲ್ಲ. ಕೇಳುವ ಹಕ್ಕು ನನಗಿಲ್ಲ.

ಈಗ ಆ ಎರಡು ಎಕರೆ ಬೀಳು ಬಿದ್ದಿದೆ. ಮಗಳು ಅದನ್ನು ಇನ್ನೂ ಯಾರಿಗೂ ಕೊಟ್ಟಿಲ್ಲ. ದಿನಾ ಬೆಳಿಗ್ಗೆ ನಮ್ಮ ಹೊಲಕ್ಕೆ ಹೋದಾಗ ನನಗರಿವಿಲ್ಲದೆ ಬದುವಿನಾಚೆ ನೋಡುತ್ತೇನೆ. ಏನಾದರೂ ಕೇಳುವುದಿದ್ದರೆ, ಯಾವ ಹುಳುವಿಗೆ ಏನು ಮಾಡಬೇಕು, ಮೊಣಕಾಲು ನೋವಿಗೆ ಏನು ಹಚ್ಚಬೇಕು ಎಂದು ಕೇಳಬೇಕಿದ್ದರೆ, ಮಾವ ಎಂದು ಕೂಗಿಬಿಡುವಷ್ಟು ಅಭ್ಯಾಸ ಇನ್ನೂ ಬಾಯಿಗಿದೆ. ಮೊನ್ನೆ ಒಂದು ದಿನ ಕೂಗಿಯೂಬಿಟ್ಟೆ. ನನ್ನ ಹೆಂಡತಿ ಕಬ್ಬಿನೊಳಗೆ ಕಳೆ ಕೀಳುತ್ತಿದ್ದವಳು ತಲೆಯೆತ್ತಿ ನೋಡಿದಳು. ಮತ್ತೆ ಬಗ್ಗಿದಳು.